ಕೊನೆಗೆ ಇಬ್ಬರೂ ಒಂದಾಗುತ್ತಾರೆಯೇ? ಬಿಎಲ್ ಧಾರಾವಾಹಿಗಳ ಮುಕ್ತಾಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಎಚ್ಚರಿಸಿಬಿಡುತ್ತೇನೆ. ಬರೆದಿರುವುದೇ ಮುಕ್ತಾಯಗಳ ಬಗ್ಗೆಯಾದ್ದರಿಂದ ಇಲ್ಲಿ ಯಾವ ಕಥೆಯ ಗುಟ್ಟೂ ಉಳಿಯುವುದಿಲ್ಲ. ಸತ್ತವರು, ಕೂಡಿದವರು, ಕೂಡಿಯೂ ಕೂಡದವರು ಎಲ್ಲರೂ ಬರುತ್ತಾರೆ. ನೀವಿನ್ನೂ ನೋಡದ ಧಾರಾವಾಹಿಯ ಹೆಸರು ಕಂಡರೆ ಆ ಭಾಗವನ್ನು ದಾಟಿ ಮುಂದಕ್ಕೆ ಹೋಗಿ.

ಬಿಎಲ್ ಎಂದರೆ ಏನು?

ಬಾಯ್ಸ್ ಲವ್. ಗಂಡು ಗಂಡಿನ ನಡುವಿನ ಪ್ರೇಮಕಥೆ. 1970ರ ದಶಕದಲ್ಲಿ ಜಪಾನಿನ ಹೆಣ್ಣುಮಕ್ಕಳ ಚಿತ್ರಕಥೆ ಪತ್ರಿಕೆಗಳಲ್ಲಿ, ಹೆಂಗಸರೇ ಬರೆದು ಹೆಂಗಸರೇ ಓದಿ ಬೆಳೆಸಿದ ಪ್ರಕಾರ ಇದು. ಚೀನಾದಲ್ಲಿ ಇದಕ್ಕೆ ‘ದಾನ್‌ಮೇ’ ಎನ್ನುತ್ತಾರೆ. ಥಾಯ್ಲೆಂಡಿನಲ್ಲಿ ಒಂದೇ ಅಕ್ಷರ: ‘ವಾಯ್’. ಈಗ ಥಾಯ್ಲೆಂಡ್, ತೈವಾನ್, ಜಪಾನ್, ಕೊರಿಯಾ, ಫಿಲಿಪ್ಪೀನ್ಸ್ ಎಲ್ಲೆಡೆ ಇದರ ಧಾರಾವಾಹಿಗಳು ಬರುತ್ತವೆ. ಪ್ರೇಕ್ಷಕರಲ್ಲಿ ಇಂದಿಗೂ ಹೆಂಗಸರೇ ಹೆಚ್ಚು; ಸಲಿಂಗಿ ಪುರುಷರೂ ಇದ್ದಾರೆ, ಅವರ ಅಭಿಪ್ರಾಯ ಕೆಲವೊಮ್ಮೆ ಪೂರಾ ಬೇರೆ. ಅದು ಮುಂದೆ ಬರುತ್ತದೆ.

ನೋಡುವ ಮೊದಲೇ ಕೊನೆ ಹೇಗಿದೆ ಎಂದು ಎಲ್ಲರೂ ಕೇಳುವುದೇಕೆ?

ನನ್ನ ತಂಗಿ ಯಾವ ಹೊಸ ಧಾರಾವಾಹಿಯ ಹೆಸರು ಹೇಳಿದರೂ ಮೊದಲು ಕಳುಹಿಸುವ ಸಂದೇಶ ಒಂದೇ: “ಯಾರಾದರೂ ಸಾಯುತ್ತಾರೆಯೇ?” ನಟರು ಯಾರು, ಕಥೆ ಏನು ಎಂಬುದೆಲ್ಲ ಆಮೇಲೆ. ಬೇರೆ ಪ್ರೇಮಕಥೆಗಳಿಗೆ ಅವಳು ಹೀಗೆ ಕೇಳುವುದಿಲ್ಲ. ಹುಡುಗ ಹುಡುಗಿಯ ಕಥೆ ದುಃಖದಲ್ಲಿ ಮುಗಿದರೆ ಅದು ಆ ಕಥೆಯ ಹಣೆಬರಹ. ಹುಡುಗ ಹುಡುಗನ ಕಥೆ ಹಾಗೆ ಮುಗಿದರೆ, “ಇವರಿಗೆ ಯಾವಾಗಲೂ ಇಷ್ಟೇ” ಎಂಬ ಹಳೆಯ ತೀರ್ಪನ್ನು ಮತ್ತೊಮ್ಮೆ ಓದಿ ಹೇಳಿದಂತಾಗುತ್ತದೆ. ಒಮ್ಮೆ ಸುಟ್ಟ ಕೈ ಅದು, ಮಜ್ಜಿಗೆಯನ್ನೂ ಊದಿ ಕುಡಿಯುತ್ತದೆ.

ಈ ಪ್ರಶ್ನೆ ಎಷ್ಟು ಸಾಮಾನ್ಯವೆಂದರೆ ಚೀನಾದ ಓದುಗರು ಅದಕ್ಕೆ ಚುಟುಕು ಸಂಕೇತಗಳನ್ನೇ ಮಾಡಿಕೊಂಡಿದ್ದಾರೆ. ‘ಎಚ್‌ಇ’ ಎಂದರೆ ಸುಖಾಂತ, ‘ಬಿಇ’ ಎಂದರೆ ದುಃಖಾಂತ, ‘ಓಇ’ ಎಂದರೆ ಬಾಗಿಲು ತೆರೆದಿಟ್ಟು ಹೋದ ಮುಕ್ತಾಯ. ಸಿಹಿ ದೃಶ್ಯ ಬಂದರೆ ‘ಸಕ್ಕರೆ ಹಂಚಿದರು’ ಎನ್ನುತ್ತಾರೆ, ನೋವಿನದು ಬಂದರೆ ‘ಚಾಕು’. ಜಪಾನೀಯರ ಬಳಿ ಇನ್ನೂ ಸೂಕ್ಷ್ಮವಾದ ಮಾತೊಂದಿದೆ: ‘ಮೆರಿಬಾ’. ಜೋಡಿಯ ಪಾಲಿಗೆ ಸುಖ, ಹೊರಗಿನಿಂದ ನೋಡುವವರ ಪಾಲಿಗೆ ಸರ್ವನಾಶ; ಅಂಥ ಮುಕ್ತಾಯಕ್ಕೆ ಆ ಹೆಸರು. ಕನ್ನಡದಲ್ಲಿ ನನಗೆ ಇದಕ್ಕೆ ಸರಿಸಮನಾದ ಪದ ಹೊಳೆದಿಲ್ಲ.

ಹಿಂದಿನ ಕಥೆಗಳೆಲ್ಲ ಸಾವು, ಅಗಲಿಕೆಯಲ್ಲೇ ಮುಗಿಯುತ್ತಿದ್ದವೇ?

ಎಲ್ಲವೂ ಅಲ್ಲ, ಆದರೆ ಹೆಸರಾದವು ಬಹುಪಾಲು ಹಾಗೆಯೇ. 1993ರ ಚೀನೀ ಚಿತ್ರ ‘ಫೇರ್‌ವೆಲ್ ಮೈ ಕಾಂಕ್ಯುಬೈನ್’ ಆತ್ಮಹತ್ಯೆಯಲ್ಲಿ ಮುಗಿಯಿತು. 2001ರ ‘ಲಾನ್ ಯೂ’ ಚಿತ್ರದಲ್ಲಿ ಇಬ್ಬರೂ ಕೊನೆಗೂ ಒಟ್ಟಿಗೆ ಬಾಳಲು ಆರಂಭಿಸುವಷ್ಟರಲ್ಲಿ ಒಬ್ಬ ಕಟ್ಟಡದ ಕೆಲಸದ ಜಾಗದಲ್ಲಿ ಅಪಘಾತಕ್ಕೆ ಸಿಕ್ಕು ಸಾಯುತ್ತಾನೆ.

ಆದರೂ ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು ಸಾವೇ ಕಾರಣವಲ್ಲದ ಒಂದು ಅಗಲಿಕೆ: 2007ರ ಥಾಯ್ ಚಿತ್ರ ‘ಲವ್ ಆಫ್ ಸಯಾಮ್’. ಅದನ್ನು ಸಾಮಾನ್ಯ ಹದಿಹರೆಯದ ಪ್ರೇಮಕಥೆಯಂತೆ ಪ್ರಚಾರ ಮಾಡಿದ್ದರಿಂದ ಚಿತ್ರಮಂದಿರಕ್ಕೆ ಬಂದ ಕೆಲವರಿಗೆ ಮೋಸಹೋದಂತೆ ಅನ್ನಿಸಿತು. ಕೊನೆಯಲ್ಲಿ ಇಬ್ಬರು ಹುಡುಗರು, ಟೋಂಗ್ ಮತ್ತು ಮ್ಯೂ, ಅಗಲಿದಾಗ ಉಳಿದವರಿಗೆ ಇನ್ನೊಂದು ಬಗೆಯಲ್ಲಿ ಮೋಸಹೋದಂತೆ ಅನ್ನಿಸಿತು. ಟೋಂಗ್ ಬಂದು, ನಿನ್ನ ಪ್ರೇಮಿಯಾಗಿ ಇರಲಾರೆ, ಹಾಗೆಂದು ನಿನ್ನ ಮೇಲೆ ಪ್ರೀತಿ ಇಲ್ಲವೆಂದಲ್ಲ ಎನ್ನುತ್ತಾನೆ. ಬಾಲ್ಯದಲ್ಲಿ ತಾನು ಕೊಟ್ಟಿದ್ದ ಮರದ ಗೊಂಬೆಗೆ ಇಲ್ಲವಾಗಿದ್ದ ಮೂಗನ್ನು ಕೈಗಿಡುತ್ತಾನೆ. ಮ್ಯೂ ಕೋಣೆಗೆ ಹೋಗಿ ಆ ಮೂಗನ್ನು ಗೊಂಬೆಯ ಮುಖಕ್ಕೆ ಸಿಕ್ಕಿಸುತ್ತಾನೆ, ಅಳುತ್ತಾನೆ. ಅಷ್ಟೇ. ಗೊಂಬೆ ಪೂರ್ತಿಯಾಯಿತು, ಹುಡುಗ ಆಗಲಿಲ್ಲ. ಆ ಮೂಗಿನ ಮೇಲೆ ಕೋಪ ಮಾಡಿಕೊಳ್ಳಲು ನನ್ನಿಂದ ಈಗಲೂ ಆಗಿಲ್ಲ.

ಚೀನಾದ ಧಾರಾವಾಹಿಗಳಲ್ಲಿ ಕೊನೆಗೆ ಏನಾಯಿತೆಂದೇ ಅರ್ಥವಾಗುವುದಿಲ್ಲ. ಏಕೆ?

ಅರ್ಥವಾಗಬಾರದೆಂದೇ ಹಾಗೆ ಮಾಡಿರುತ್ತಾರೆ. ಅಲ್ಲಿ ಕೊನೆಯ ಕಂತು ಬರೆಯುವಾಗ ಕಥೆಗಾರರ ಪಕ್ಕದಲ್ಲಿ ಸರ್ಕಾರವೂ ಕುರ್ಚಿ ಹಾಕಿಕೊಂಡು ಕೂತಿರುತ್ತದೆ.

2016ರ ಫೆಬ್ರುವರಿಯಲ್ಲಿ ‘ಅಡಿಕ್ಟೆಡ್’ ಎಂಬ 15 ಕಂತುಗಳ ಧಾರಾವಾಹಿಯನ್ನು ಇನ್ನು ಮೂರು ಕಂತು ಬಾಕಿ ಇರುವಾಗಲೇ ಅಂತರ್ಜಾಲದಿಂದ ಕಿತ್ತುಹಾಕಿದರು. ಉಳಿದ ಕಂತುಗಳನ್ನು ಜನ ಯೂಟ್ಯೂಬಿನಲ್ಲಿ ನೋಡಬೇಕಾಯಿತು. ಆಮೇಲೆ ಬಂದ ನಿರ್ಮಾಪಕರು ಪಾಠ ಕಲಿತರು: ದಾನ್‌ಮೇ ಕಾದಂಬರಿಯನ್ನು ಕೊಂಡುಕೊಳ್ಳುವುದು, ಪ್ರೇಮವನ್ನು ಗೆಳೆತನವೆಂದು ತಿದ್ದುವುದು. 2018ರ ‘ಗಾರ್ಡಿಯನ್’ನಲ್ಲಿ ಕಾದಂಬರಿಯ ದೆವ್ವಗಳೂ ಪರೀಕ್ಷೆ ದಾಟಲಾಗದೆ ಅನ್ಯಗ್ರಹದ ಜೀವಿಗಳಾದವು, ನಾಯಕರಿಬ್ಬರೂ ಕೊನೆಯಲ್ಲಿ ಪ್ರಾಣ ತೆತ್ತರು. ಪ್ರೇಕ್ಷಕರು ಆ ಸಂಬಂಧಕ್ಕೆ ‘ಸಮಾಜವಾದಿ ಸಹೋದರತ್ವ’ ಎಂದು ಹೆಸರಿಟ್ಟು ನಕ್ಕರು. ನಗದೆ ಇನ್ನೇನು ಮಾಡುತ್ತಾರೆ.

‘ದಿ ಅನ್‌ಟೇಮ್ಡ್’ ಸುಖಾಂತವೋ ದುಃಖಾಂತವೋ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

2019ರ ಬೇಸಿಗೆಯಲ್ಲಿ ಬಂದ 50 ಕಂತುಗಳ ಧಾರಾವಾಹಿ. ಮೂಲ ಕಾದಂಬರಿಯಲ್ಲಿ ವೇ ವೂಶ್ಯೆನ್ ಮತ್ತು ಲಾನ್ ವಾಂಗ್‌ಜಿ ಅನುಮಾನಕ್ಕೆ ಎಡೆಯಿಲ್ಲದಂತೆ ದಂಪತಿಗಳು. ಧಾರಾವಾಹಿಯಲ್ಲಿ ಅವರು ‘ಝೀಜಿ’, ಅಂದರೆ ಒಬ್ಬರ ಮನಸ್ಸನ್ನು ಇನ್ನೊಬ್ಬರು ಬಲ್ಲ ಜೀವದ ಗೆಳೆಯರು. ಎಲ್ಲ ಯುದ್ಧ ಮುಗಿದ ಮೇಲೆ ಬೆಟ್ಟದ ದಾರಿಯಲ್ಲಿ ಇಬ್ಬರೂ ಬೇರೆಯಾಗುತ್ತಾರೆ. ಒಬ್ಬನಿಗೆ ದೊಡ್ಡ ಪದವಿ, ಇನ್ನೊಬ್ಬನಿಗೆ ಒಂದು ಕತ್ತೆ ಮತ್ತು ಉದ್ದದ ದಾರಿ. ನನ್ನ ಗೆಳತಿಯೊಬ್ಬಳು ಇಲ್ಲಿಗೆ ಮೊಬೈಲ್ ಎತ್ತಿ ಹಾಸಿಗೆಯ ಮೇಲೆ ಎಸೆದಳಂತೆ. ಇನ್ನೊಂದು ನಿಮಿಷ ತಡೆದಿದ್ದರೆ ಚೆನ್ನಾಗಿತ್ತು. ಏಕೆಂದರೆ ಆಮೇಲೆ ವೇ ವೂಶ್ಯೆನ್ ಬಂಡೆಯ ಅಂಚಿನಲ್ಲಿ ನಿಂತು ಕೊಳಲು ನುಡಿಸುತ್ತಾನೆ. ಅದು ಅವರಿಬ್ಬರ ಹಾಡು. ಕಾದಂಬರಿಯಲ್ಲಿ ಅದರ ಹೆಸರು ಇಬ್ಬರ ಹೆಸರಿನ ಒಂದೊಂದು ತುಣುಕು ಕೂಡಿ ಆದದ್ದು. ಹಿಂದಿನಿಂದ ದನಿಯೊಂದು ಬರುತ್ತದೆ: “ವೇ ಯಿಂಗ್.” ಅವನನ್ನು ಆ ಹೆಸರಿನಿಂದ, ಆ ದನಿಯಲ್ಲಿ ಕರೆಯುವವನು ಒಬ್ಬನೇ. ಕೊಳಲು ನಿಲ್ಲುತ್ತದೆ. ಅವನು ತಿರುಗುತ್ತಾನೆ, ನಗುತ್ತಾನೆ. ಮುಗಿಯಿತು. ಕರೆದವನ ಮುಖವನ್ನು ತೋರಿಸುವುದಿಲ್ಲ.

ಸೆನ್ಸಾರಿನವರ ಕಣ್ಣಿಗೆ ಇದು ಹಳೆಯ ಗೆಳೆಯರ ಭೇಟಿ. ಕಾದಂಬರಿ ಓದಿದವರ ಕಣ್ಣಿಗೆ ಮದುವೆಗಿಂತ ಕಡಿಮೆಯೇನಲ್ಲ. ಬಾಯಿಬಿಟ್ಟು ಹೇಳದೆ ಸೂಚಿಸುವುದನ್ನು ನಮ್ಮ ಕಾವ್ಯಮೀಮಾಂಸಕರು ಧ್ವನಿ ಎನ್ನುತ್ತಾರೆ; ಅವರು ಹಾಗೆ ಕರೆದು ತಲೆದೂಗಿದ್ದನ್ನು ಅಲ್ಲಿ ಸರ್ಕಾರಿ ಕಚೇರಿಯೊಂದು ಬಲವಂತದಿಂದ ಹುಟ್ಟಿಸಿದೆ. ಹಾಗೆಂದು ಸೆನ್ಸಾರಿಗೆ ಹಾರ ಹಾಕುವ ಅಗತ್ಯವಿಲ್ಲ. ಕಟ್ಟಿದ ಕೈಯಲ್ಲೂ ಚೆನ್ನಾಗಿ ಬರೆದವರಿಗೆ ಹಾರ ಹಾಕೋಣ. ನನ್ನ ಉತ್ತರ ಕೇಳಿದರೆ: ಸುಖಾಂತ. ವಾದಕ್ಕೆ ಬರುವವರು ಬರಲಿ.

‘ವರ್ಡ್ ಆಫ್ ಆನರ್’ 36 ಕಂತು ನೋಡಿ ಅತ್ತೆ. ಇನ್ನೂ ಒಂದು ದೃಶ್ಯ ಇದೆಯಂತೆ, ಹೌದೇ?

ಹೌದು, ಪಾಪ, ಯಾರೂ ನಿಮಗೆ ಹೇಳಲಿಲ್ಲ. 2021ರ ಈ ಧಾರಾವಾಹಿಯಲ್ಲಿ ವೆನ್ ಕೆಶಿಂಗ್ ತನ್ನ ಶಕ್ತಿಯನ್ನೆಲ್ಲ ಝೋ ಝಿಶುವಿಗೆ ಧಾರೆಯೆರೆಯುತ್ತಾನೆ, ಕೂದಲು ಬೆಳ್ಳಗಾಗುತ್ತದೆ, ಕೈ ಕೆಳಗೆ ಜಾರುತ್ತದೆ. 36ನೇ ಕಂತು ಅವನನ್ನು ಹೆಚ್ಚುಕಡಿಮೆ ಸತ್ತವನಂತೆ ಬಿಟ್ಟುಹೋಗುತ್ತದೆ. ಆಮೇಲೆ ಪ್ರತ್ಯೇಕವಾಗಿ ಬಿಡುಗಡೆಯಾದ ಪುಟ್ಟ ದೃಶ್ಯವೊಂದರಲ್ಲಿ, ವರ್ಷಗಳ ನಂತರ, ಹಿಮದ ಬೆಟ್ಟದ ಮೇಲೆ ಇಬ್ಬರೂ ಜೀವಂತ. ಮುಖ್ಯ ಕಥೆಯನ್ನು ದುಃಖದಲ್ಲಿ ನಿಲ್ಲಿಸಿ, ಸುಖವನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿಕೊಟ್ಟರು. ಬೆನ್ನಿಗೇ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚೀನಾದ ಪ್ರಸಾರ ನಿಯಂತ್ರಣ ಸಂಸ್ಥೆ ಗಂಡಸರ ‘ಹೆಣ್ಣಿಗತನ’ದ ವಿರುದ್ಧ ಆದೇಶ ಹೊರಡಿಸಿತು, ದಾನ್‌ಮೇ ಆಧಾರಿತ ಧಾರಾವಾಹಿಗಳ ಬಾಗಿಲು ಬಿತ್ತು. ಚಿತ್ರೀಕರಣ ಮುಗಿದಿದ್ದ ಕೆಲವು ಇಂದಿಗೂ ಅಲ್ಲಿನ ಪರದೆ ಕಂಡಿಲ್ಲ. ಮುಕ್ತಾಯ ಹಾಗಿರಲಿ, ಅವುಗಳಿಗೆ ಆರಂಭವೇ ಇಲ್ಲ.

ತೈವಾನಿನಲ್ಲಿ ಕಾನೂನಿನ ಅಡ್ಡಿ ಇಲ್ಲವಲ್ಲ, ಅಲ್ಲಿನ ಒಂದು ಸಾವಿಗೆ ಅಷ್ಟೊಂದು ಕೋಪ ಏಕೆ?

ಅಡ್ಡಿ ಇಲ್ಲದ್ದರಿಂದಲೇ. ತೈವಾನ್ 2019ರ ಮೇ 24ರಂದು ಸಲಿಂಗ ವಿವಾಹವನ್ನು ಜಾರಿಗೆ ತಂದಿತು, ಏಷ್ಯಾದಲ್ಲಿ ಮೊದಲು. ಅದೇ ವರ್ಷ ‘ಹಿಸ್ಟರಿ 3: ಮೇಕ್ ಅವರ್ ಡೇಸ್ ಕೌಂಟ್’ ಬಂದಿತು. ತರಲೆ ಹುಡುಗ ಶಿಯಾಂಗ್ ಹಾವ್‌ಟಿಂಗ್. ಓದಿನಲ್ಲಿ ಮುಳುಗಿದ, ಯಾರೂ ಇಲ್ಲದ ಯೂ ಶೀಗು. ಶಾಲೆ, ಪರೀಕ್ಷೆ, ಮನೆಯವರನ್ನು ಒಪ್ಪಿಸುವ ಹೋರಾಟ, ಎಲ್ಲವನ್ನೂ ದಾಟಿ ಬಂದ ಮೇಲೆ, ಕೊನೆಯ ಕಂತಿನಲ್ಲಿ ಕಥೆ ವರ್ಷಗಳಷ್ಟು ಮುಂದಕ್ಕೆ ಹಾರುತ್ತದೆ. ಹಾವ್‌ಟಿಂಗ್ ಕೆಲಸಕ್ಕೆ ಸೇರಿದ್ದಾನೆ, ಒಬ್ಬನೇ ಇದ್ದಾನೆ. ಶೀಗು ಅಪಘಾತದಲ್ಲಿ ತೀರಿಕೊಂಡು ಬಹಳ ಕಾಲವಾಗಿದೆ.

ಪ್ರೇಕ್ಷಕರು ಕೆರಳಿದ್ದು ದುಃಖಕ್ಕಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಜನರಂತೆ ಅಲ್ಲಿಯವರೂ ಅಳುವುದರಲ್ಲಿ ಹಿಂದೆ ಬಿದ್ದವರಲ್ಲ. ಆ ಸಾವಿಗೆ ಕಥೆಯ ಒಳಗೆ ಬೇರು ಇರಲಿಲ್ಲ. ‘ಲಾನ್ ಯೂ’ನ ಕಾಲದಲ್ಲಿ, ಇಬ್ಬರನ್ನು ಬದುಕಿಸಿದರೆ ಮುಂದೆ ಅವರನ್ನು ಎಲ್ಲಿ ಇರಿಸುವುದು ಎಂಬ ಪ್ರಶ್ನೆಯಾದರೂ ಇತ್ತು. ಇಲ್ಲಿ ದೇಶವೇ ಮದುವೆಯ ನೋಂದಣಿ ಕಚೇರಿ ತೆರೆದು ಕೂತಿರುವಾಗ ಕಥೆಗಾರರು ಅಪಘಾತ ತಂದರು. ಅತಿಥಿಗೆ ಹತ್ತು ಬಗೆಯ ಅಡುಗೆ ಬಡಿಸಿ, ಪಾಯಸದ ಹೊತ್ತಿಗೆ ಎಲೆ ಎಳೆದುಕೊಂಡಂತೆ. ಸಿದ್ಧತೆ ಇಲ್ಲದ ಸಾವು ಬರಹಗಾರರ ಸೋಮಾರಿತನ. ಅದನ್ನು ಧೈರ್ಯವೆಂದು ಹೊಗಳಲು ನಾನು ಸಿದ್ಧಳಿಲ್ಲ.

ಹೋಲಿಕೆಗೆ, 2020ರ ತೈವಾನಿ ಚಿತ್ರ ‘ಯುವರ್ ನೇಮ್ ಎನ್‌ಗ್ರೇವ್ಡ್ ಹಿಯರ್‌ಇನ್’ ನೋಡಿ. ಸೈನಿಕ ಆಡಳಿತ ತೆರವಾದ 1987ರ ಆಸುಪಾಸಿನ ಕಥೆ. ಹುಡುಗರು ಅಗಲುತ್ತಾರೆ, ದಶಕಗಳ ಮೇಲೆ ಮಾಂಟ್ರಿಯಲ್‌ನ ರಾತ್ರಿ ಬೀದಿಯಲ್ಲಿ ಕೂದಲು ನರೆತ ಇಬ್ಬರು ಗಂಡಸರಾಗಿ ಸಿಗುತ್ತಾರೆ. ಕಳೆದ ವರ್ಷಗಳು ಮರಳಿ ಬರುವುದಿಲ್ಲ. ಆದರೂ ಅದರ ಮೇಲೆ ಅಂಥ ಕೋಪ ಇಲ್ಲ, ಏಕೆಂದರೆ ಅವರನ್ನು ಅಗಲಿಸಿದ್ದು ಏನೆಂದು ನಮಗೆ ಗೊತ್ತು.

ಥಾಯ್ ಧಾರಾವಾಹಿಗಳ ‘11ನೇ ಕಂತಿನ ಶಾಪ’ ಎಂದರೇನು?

ಅಭಿಮಾನಿಗಳ ತಮಾಷೆ. ಸರಣಿಗೆ ಸಾಮಾನ್ಯವಾಗಿ 12 ಕಂತು. ಹತ್ತರವರೆಗೆ ಸಕ್ಕರೆ, ಹನ್ನೊಂದರಲ್ಲಿ ಅಪ್ಪನೋ ಹಳೆಯ ಪ್ರೇಮಿಯೋ ವಿದೇಶದ ಕೆಲಸವೋ ಅಡ್ಡ ಬರುತ್ತದೆ, ಹನ್ನೆರಡರಲ್ಲಿ ನಲವತ್ತು ನಿಮಿಷ ಅತ್ತು ಹತ್ತು ನಿಮಿಷ ಕೂಡುತ್ತಾರೆ. ಹನ್ನೊಂದನ್ನು ಬಿಟ್ಟು ನೇರವಾಗಿ ಹನ್ನೆರಡಕ್ಕೆ ಹೋಗುವವರನ್ನು ನಾನು ಬಲ್ಲೆ. ಕಥೆ ಏನೂ ತಪ್ಪುವುದಿಲ್ಲ.

ಸುಖಾಂತವೇ ಆದರೂ ಸಾಲದೆಂಬ ದೂರು ಇರುತ್ತದೆ. 2020ರ ‘ಟುಗೆದರ್’ ಲಾಕ್‌ಡೌನಿನಲ್ಲಿ ಮನೆಮನೆ ತಲುಪಿತು, ಆದರೆ ಜೋಡಿಯ ಆತ್ಮೀಯತೆಯನ್ನು ತೋರಿಸುವುದರಲ್ಲಿ ಜಿಪುಣತನ ಮಾಡಿತೆಂದು ಜನ ಗೊಣಗಿದರು. ಕೆಲವೇ ತಿಂಗಳಲ್ಲಿ ‘ಸ್ಟಿಲ್ ಟುಗೆದರ್’ ಎಂದು ಐದು ಕಂತು ಸೇರಿಸಿದರು.

‘ಐ ಟೋಲ್ಡ್ ಸನ್‌ಸೆಟ್ ಅಬೌಟ್ ಯೂ’ ಅದ್ಭುತವಾಗಿದೆ. ಎರಡನೇ ಭಾಗ ನೋಡಲೇ?

ಮನೆಯಲ್ಲಿ ಎರಡು ಪಕ್ಷವಾಗುವ ಪ್ರಶ್ನೆ. ಫುಕೆಟ್‌ನಲ್ಲಿ ನಡೆಯುವ ಮೊದಲ ಭಾಗ 2020ರದು: ತೇ ಮತ್ತು ಓಎವ್, ಚೀನೀ ಭಾಷೆಯ ಪಾಠ, ಸಮುದ್ರ, ದಾಸವಾಳ. ಅಲ್ಲಿಗೇ ನಿಲ್ಲಿಸಿದರೆ ಸುಖಾಂತ. 2021ರ ‘ಐ ಪ್ರಾಮಿಸ್ಡ್ ಯೂ ದ ಮೂನ್’ ಅವರನ್ನು ಬ್ಯಾಂಕಾಕಿನ ಕಾಲೇಜಿಗೆ ಕರೆದೊಯ್ಯುತ್ತದೆ. ತೇ ನಟನಾಗುತ್ತಾನೆ, ಮನಸ್ಸು ಇನ್ನೊಬ್ಬನತ್ತ ವಾಲುತ್ತದೆ, ಸಂಬಂಧ ಮುರಿಯುತ್ತದೆ, ವರ್ಷಗಳ ಮೇಲೆ ಮತ್ತೆ ಕೂಡುತ್ತದೆ.

“ಅವನನ್ನು ಏಕೆ ಕ್ಷಮಿಸಬೇಕು?” ಎಂಬುದು ಒಂದು ಪಕ್ಷ. ತಂಗಿ ಅದರ ಅಧ್ಯಕ್ಷೆ. ಸಂಬಂಧ ಹಳಸುವುದನ್ನು ಇಷ್ಟು ಸಮೀಪದಿಂದ ತೋರಿಸಿದ ಬಿಎಲ್ ಕಡಿಮೆ ಎಂಬುದು ಇನ್ನೊಂದು ಪಕ್ಷ, ಅದರಲ್ಲಿ ನಾನಿದ್ದೇನೆ. ಇಲ್ಲಿ ಜೋಡಿಯನ್ನು ಒಡೆದದ್ದು ಸಮಾಜವಲ್ಲ, ಒಬ್ಬನ ಚಂಚಲ ಮನಸ್ಸು. ಯಾವ ಗಂಡು ಹೆಣ್ಣಿಗೂ ಆಗಬಹುದಾದ ಮಾಮೂಲಿ ಹೃದಯಭಂಗ ಇವರಿಗೂ ದಕ್ಕಿತಲ್ಲ ಎಂದು ಒಂದು ಬಗೆಯ ಸಮಾಧಾನ. ಆದರೆ ಕೊನೆಯ ಕೂಡಿಕೆಯನ್ನು ಅವಸರದಲ್ಲಿ ಮುಗಿಸಿದರು ಎಂದು ತಂಗಿ ಹೇಳಿದಾಗ ನನ್ನ ಬಳಿ ಉತ್ತರ ಇರುವುದಿಲ್ಲ.

‘ಬ್ಯಾಡ್ ಬಡ್ಡಿ’ಯ ಕೊನೆ ನಿಜಕ್ಕೂ ಸುಖಾಂತವೇ? ಮನೆಯವರು ಒಪ್ಪುವುದೇ ಇಲ್ಲವಲ್ಲ.

ಒಪ್ಪುವುದಿಲ್ಲ, ತಡೆಯುವುದೂ ಇಲ್ಲ. ಬದ್ಧವೈರಿಗಳಾದ ಅಕ್ಕಪಕ್ಕದ ಮನೆಗಳ ಪ್ಯಾಟ್ ಮತ್ತು ಪ್ರಾನ್ ಹೆತ್ತವರೆದುರು ಬೇರೆಯಾದಂತೆ ನಟಿಸಿ, ವರ್ಷಗಟ್ಟಲೆ ಜೊತೆಯಲ್ಲೇ ಇರುತ್ತಾರೆ. ಹೆತ್ತವರಿಗೆ ಗೊತ್ತಿದೆ, ಗೊತ್ತಿಲ್ಲದವರಂತೆ ಇದ್ದಾರೆ. ಅಪ್ಪಂದಿರು ಅಪ್ಪಿಕೊಂಡು ಅಳುವ ದೃಶ್ಯ ಬೇಕಿತ್ತೆಂದು ಪಾಶ್ಚಾತ್ಯ ಪ್ರೇಕ್ಷಕರು ಕೆಲವರು ಬೇಸರಪಟ್ಟರು. ಅವಿಭಕ್ತ ಕುಟುಂಬದಲ್ಲಿ ಬೆಳೆದ ಯಾರಿಗಾದರೂ ಈ ಮೌನ ಚೆನ್ನಾಗಿ ಗೊತ್ತು. ಊಟಕ್ಕೆ ಒಂದು ತಟ್ಟೆ ಹೆಚ್ಚು ಇಟ್ಟಿರುತ್ತಾರೆ, ಯಾರಿಗೆಂದು ಯಾರೂ ಕೇಳುವುದಿಲ್ಲ.

‘ಚೆರ್ರಿ ಮ್ಯಾಜಿಕ್’ನ ಲಿಫ್ಟ್ ದೃಶ್ಯದ ಗಲಾಟೆ ಏನು?

2020ರ ಜಪಾನೀ ಧಾರಾವಾಹಿ. ಮೂವತ್ತು ತುಂಬಿದ ಬ್ರಹ್ಮಚಾರಿ ಅದಾಚಿಗೆ, ಮುಟ್ಟಿದವರ ಮನಸ್ಸಿನ ಮಾತು ಕೇಳಿಸುವ ವರ. ಸಹೋದ್ಯೋಗಿ ಕುರೊಸಾವಾ ತನ್ನನ್ನು ಪ್ರೀತಿಸುತ್ತಿರುವುದು ಹಾಗೆಯೇ ತಿಳಿಯುತ್ತದೆ. ಹನ್ನೆರಡು ಕಂತು ಕಾದ ಮೇಲೆ, ಕೊನೆಯಲ್ಲಿ ಲಿಫ್ಟಿನೊಳಗೆ ಇಬ್ಬರ ಮುಖಗಳು ಹತ್ತಿರ ಬರುತ್ತವೆ. ಆಗ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ನಾವು ಹೊರಗೆ! ಗಂಡು ಹೆಣ್ಣಾಗಿದ್ದರೆ ಬಾಗಿಲು ಮುಚ್ಚುತ್ತಿದ್ದರೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಹಳೆಯ ಸಿನಿಮಾಗಳಲ್ಲಿ ಎರಡು ಹೂಗಳು ಒಂದಕ್ಕೊಂದು ತಾಗುವುದನ್ನು ನೋಡಿ ಬೆಳೆದ ನನಗೆ ಮಾತ್ರ ಬಾಗಿಲು ಅಷ್ಟೇನೂ ಅಪರಿಚಿತ ಅನ್ನಿಸಲಿಲ್ಲ.

ಸಲಿಂಗಿ ಪ್ರೇಕ್ಷಕರು ಈ ಸುಖಾಂತಗಳ ಬಗ್ಗೆ ಏನು ಹೇಳುತ್ತಾರೆ?

ಒಂದೇ ದನಿ ಇಲ್ಲ. ಎಲ್ಲರೂ ಸುಂದರರು, ಶ್ರೀಮಂತರು, ಇಡೀ ಕಾಲೇಜೇ ಚಪ್ಪಾಳೆ ತಟ್ಟುತ್ತದೆ. ಇದು ನಮ್ಮ ಬದುಕಲ್ಲ ಎಂದು ಕೆಲವರು ಬೇಸರಪಡುತ್ತಾರೆ. ಅದೇ ಕಾರಣಕ್ಕೆ ನೋಡುವವರೂ ಇದ್ದಾರೆ. ನನ್ನ ಹಳೆಯ ಸಹೋದ್ಯೋಗಿಯೊಬ್ಬರು, ಐವತ್ತು ದಾಟಿದವರು, ಒಮ್ಮೆ ಹೇಳಿದ್ದು: “ನಿಜ ಏನೆಂದು ನನಗೆ ಗೊತ್ತಿದೆಯಮ್ಮ, ಅದನ್ನು ನೋಡಲು ನೆಟ್‌ಫ್ಲಿಕ್ಸಿಗೆ ದುಡ್ಡು ಏಕೆ ಕೊಡಲಿ?” ಅವರೊಡನೆ ನಾನು ವಾದಿಸಲಿಲ್ಲ.

ಕೊನೆ ಇಷ್ಟವಾಗದಿದ್ದರೆ ಬರಹಗಾರರನ್ನು ಬೈಯುವುದು ಸರಿಯೇ?

ಬೈಯಿರಿ, ಆದರೆ ಬರಹವನ್ನು. ಚೀನಾದ ಓದುಗರಲ್ಲಿ “ಲೇಖಕರಿಗೆ ಬ್ಲೇಡ್ ಕಳುಹಿಸುತ್ತೇನೆ” ಎಂಬ ಮಾತು ತಮಾಷೆಯಾಗಿ ಚಾಲ್ತಿಯಲ್ಲಿದೆ. ತಮಾಷೆಯೇ ಆದರೂ ನನಗೆ ರುಚಿಸುವುದಿಲ್ಲ. ತೆರೆಯ ಮೇಲಿನ ಜೋಡಿ ನಿಜಜೀವನದಲ್ಲೂ ಜೋಡಿಯಾಗಿರಬೇಕೆಂದು ಹಟ ಹಿಡಿದು, ನಟರು ಬೇರೆಯವರ ಜೊತೆ ಕಂಡಾಗ ಶಾಪ ಹಾಕುವವರಿಗೂ ಇದೇ ಉತ್ತರ. ಅದು ಅವರ ಸಂಬಳದ ಕೆಲಸ. ಥಾಯ್ ಸಂಸ್ಥೆಗಳು ಜೋಡಿಯನ್ನೇ ಸರಕಾಗಿ ಮಾರುವುದರಿಂದ ಈ ಗೊಂದಲದಲ್ಲಿ ಅವುಗಳ ಪಾಲೂ ಇದೆ.

ಭಾರತದಲ್ಲಿ ಕೂತು ನೋಡುವವರಿಗೆ ಇದು ಬೇರೆ ರೀತಿ ತಟ್ಟುತ್ತದೆಯೇ?

ನನಗೆ ತಟ್ಟಿದ್ದನ್ನು ಹೇಳುತ್ತೇನೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್‌ನಿಂದ ಬಿಡಿಸಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕನ್ನು ಕೊಡಲು ಒಪ್ಪಲಿಲ್ಲ. ಥಾಯ್ಲೆಂಡಿನಲ್ಲಿ 2025ರ ಜನವರಿ 23ರಂದು ಸಲಿಂಗ ವಿವಾಹದ ಕಾನೂನು ಜಾರಿಗೆ ಬಂದಿತು. ಅದಕ್ಕೂ ಮೊದಲಿನ ಥಾಯ್ ಧಾರಾವಾಹಿಗಳಲ್ಲಿ ಕೊನೆಗೆ ಉಂಗುರ ತೊಡಿಸುವುದು ಆಸೆಯ ಮಾತಾಗಿತ್ತು. ಈಗ ಅದೇ ಉಂಗುರದ ಹಿಂದೆ ಸರ್ಕಾರಿ ಮುದ್ರೆ ಇದೆ. ದೃಶ್ಯ ಅದೇ, ತೂಕ ಬೇರೆ. ಇಲ್ಲಿಂದ ನೋಡುವವರಿಗೆ ಅದು ಇನ್ನೂ ಆಸೆಯ ಮಾತೇ.

ಮೊದಲ ಬಾರಿ ನೋಡುತ್ತೇನೆ, ಅಳುವ ಮನಸ್ಸಿಲ್ಲ. ಯಾವುದರಿಂದ ಆರಂಭಿಸಲಿ?

ಎಂಟೇ ಕಂತಿನ ಕೊರಿಯನ್ ‘ಸಿಮ್ಯಾಂಟಿಕ್ ಎರರ್’ ಒಂದು ಭಾನುವಾರಕ್ಕೆ ಸಾಕು, ಯಾರೂ ಸಾಯುವುದಿಲ್ಲ. ಆಮೇಲೆ ಜಪಾನಿನ ‘ವಾಟ್ ಡಿಡ್ ಯೂ ಈಟ್ ಯೆಸ್ಟರ್‌ಡೇ?’ ನೋಡಿ. ನಡುವಯಸ್ಸಿನ ವಕೀಲ ಶಿರೋ, ಕ್ಷೌರದ ಅಂಗಡಿಯಲ್ಲಿ ಕೆಲಸ ಮಾಡುವ ಕೆಂಜಿ. ಶಿರೋ ಸಂಜೆ ಕಚೇರಿಯಿಂದ ಬರುವಾಗ ಅಂಗಡಿಯಲ್ಲಿ ಯಾವ ತರಕಾರಿ ಅಗ್ಗವೆಂದು ನೋಡುತ್ತಾನೆ, ತಿಂಗಳ ಖರ್ಚು ಮೀರದಂತೆ ಲೆಕ್ಕ ಹಾಕುತ್ತಾನೆ, ಅಡುಗೆ ಮಾಡುತ್ತಾನೆ. ಕೆಂಜಿ ಮೊದಲ ತುತ್ತು ತಿಂದು ರುಚಿಯಾಗಿದೆ ಎನ್ನುತ್ತಾನೆ. ಇದರ ಕೊನೆ ಏನೆಂದು ತಂಗಿ ಕೇಳಿದಾಗ ನಾನು ಕೊಟ್ಟ ಉತ್ತರ: “ಮಾರನೆಯ ದಿನದ ಅಡುಗೆ.”